ಹಳೆಯ ಪಿಕಪ್ ಗಾಡಿಯ ಬ್ರೇಕು: ಹೈನುಗಾರ ಮಹಿಳೆಯರು ತಿಳಿದಿರಬೇಕಾದದ್ದು

ಹಾಲು ಉತ್ಪಾದಕ ಅಕ್ಕ-ತಂಗಿಯರೇ,

ಈ ಪುಟದಲ್ಲಿ ನೀವು ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಲಸಿಕೆ, ಕರುಗಳ ಜಂತು, ಬೇಸಿಗೆಯ ಮೇವು ಇಂಥ ವಿಷಯಗಳನ್ನು ಓದುತ್ತೀರಿ. ಈ ಸಲ ಗಾಡಿಯ ಬ್ರೇಕಿನ ಬಗ್ಗೆ ಬರೆಯುತ್ತಿದ್ದೇನೆ. ದನದ ಡಾಕ್ಟರಿಗೂ ಬ್ರೇಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಒಂದು ಘಟನೆ ಹೇಳಿದರೆ ಗೊತ್ತಾಗುತ್ತದೆ.

ಮಳೆಗಾಲ ಮುಗಿಯುತ್ತಿದ್ದ ದಿನಗಳು. ಶಹಾಬಾದ-ವಾಡಿ ಕಡೆಯ ರಸ್ತೆಯಲ್ಲಿ ಗಾಡಿಯೊಳಗೆ ಆಕಳು ಬಿದ್ದಿದೆ, ಏಳುತ್ತಿಲ್ಲ ಎಂದು ಫೋನ್ ಬಂತು. ಹೋಗಿ ನೋಡಿದರೆ ಹಳೆಯ ಪಿಕಪ್ ಒಂದು ರಸ್ತೆ ಬದಿಯ ಫರಸಿ ಕಲ್ಲಿನ ರಾಶಿಗೆ ಗುದ್ದಿ ನಿಂತಿತ್ತು. ಒಳಗಿದ್ದ ಎಚ್.ಎಫ್. ಮಿಶ್ರತಳಿ ಆಕಳು ಏಳು ತಿಂಗಳ ಗಬ್ಬ. ಹಿಂದಿನ ಎರಡೂ ಕಾಲು ಅಗಲಿಸಿ ಬಿದ್ದಿತ್ತು. ಸ್ತ್ರೀಶಕ್ತಿ ಸಂಘದಿಂದ ಸಾಲ ತೆಗೆದು ಅದನ್ನು ಕೊಂಡಿದ್ದ ಅಕ್ಕ ಅದರ ತಲೆಯ ಹತ್ತಿರ ಕುಳಿತಿದ್ದರು. ಅವರ ಹಣೆಗೂ ಪೆಟ್ಟಾಗಿತ್ತು. ಗಾಡಿ ಓಡಿಸುತ್ತಿದ್ದವನು ಅವರ ಮೈದುನ. ಅವನು ಹೇಳಿದ ಮಾತು ಇದು:

"ಬ್ರೇಕ್ ಮೊದಲಿಂದನೂ ಹಂಗೇ ಅದರಿ ಡಾಕ್ಟ್ರೇ. ಒಂದ್ ಸಲ ತುಳದ್ರ ಒಳಗ ಹೋಗ್ತದ, ಎರಡನೇ ಸಲ ತುಳದ್ರ ಹಿಡಿತದ. ಇವತ್ತ ಎರಡನೇ ಸಲ ತುಳಿಲಾಕ ಟೈಮ್ ಸಿಗಲಿಲ್ರಿ."

ಅಕ್ಕ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ನನಗೂ ಗೊತ್ತಿತ್ತರಿ. ಗಾಡಿ ಮಾತು ಗಂಡಸರದು, ನಮಗ್ಯಾಕ ಅಂತ ಸುಮ್ಮನಿದ್ದೆ."

ಮೂರನೇ ದಿನ ಕರು ಸತ್ತು ಹೊರಬಿತ್ತು. ಆಕಳು ಐದನೇ ದಿನ ಎದ್ದು ನಿಂತಿತು. ಆದರೆ ಆ ಸೂಲಿನಲ್ಲಿ ಅದು ಕೊಟ್ಟ ಹಾಲು ಸಾಲದ ಕಂತಿಗೂ ಸಾಲಲಿಲ್ಲ. ಗಾಡಿಯ ಹಿಂದಿನ ಗಾಲಿ ಬಿಚ್ಚಿ ನೋಡಿದಾಗ ಒಳಗೆಲ್ಲ ಬ್ರೇಕ್ ಆಯಿಲ್ ಸೋರಿತ್ತು. ವಾರಗಳಿಂದ ಸೋರುತ್ತಿತ್ತು, ಮೇಲಿಂದ ಮೇಲೆ ತುಂಬಿಸುತ್ತಿದ್ದರು ಅಷ್ಟೆ.

ನೀವು ಗಾಡಿ ಓಡಿಸದೇ ಇರಬಹುದು. ಆದರೆ ಅದರಲ್ಲಿ ಹೋಗುವುದು ನಿಮ್ಮ ಆಕಳು, ನಿಮ್ಮ ಹಾಲು, ನಿಮ್ಮ ಮೇವು, ನೀವು ಮತ್ತು ನಿಮ್ಮ ಮಕ್ಕಳು. ಹಾಗಾಗಿ ಬ್ರೇಕಿನ ಮಾತು ನಿಮ್ಮದೂ ಹೌದು. ಅದನ್ನು ಪರೀಕ್ಷಿಸಲು ಮೆಕ್ಯಾನಿಕ್ ಆಗಬೇಕಿಲ್ಲ. ಹಾಲು ಹಿಂಡುವ ಮೊದಲು ನಾಲ್ಕು ಧಾರೆ ಬೇರೆ ಬಟ್ಟಲಿಗೆ ಕರೆದು ಗರಣೆ ಇದೆಯೇ ಎಂದು ನೋಡುತ್ತೀರಲ್ಲ, ಅಷ್ಟೇ ಸುಲಭದ ಕೆಲಸ.

ಬ್ರೇಕು ಹೇಗೆ ಹಿಡಿಯುತ್ತದೆ?

ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಎಂಬ ಭಾಗದಲ್ಲಿರುವ ಬ್ರೇಕ್ ಆಯಿಲ್ ಮೇಲೆ ಒತ್ತಡ ಬೀಳುತ್ತದೆ. ಆ ಒತ್ತಡ ಸಣ್ಣ ಪೈಪುಗಳ ಮೂಲಕ ನಾಲ್ಕೂ ಗಾಲಿಗೆ ಹೋಗುತ್ತದೆ. ನಮ್ಮ ಕಡೆ ಓಡುವ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಮುಂದಿನ ಗಾಲಿಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್ ಇರುತ್ತದೆ. ಮುಂದೆ ಎರಡು ಪ್ಯಾಡ್‌ಗಳು ತಿರುಗುವ ತಟ್ಟೆಯನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುತ್ತವೆ. ಹಿಂದೆ ಅರ್ಧಚಂದ್ರಾಕಾರದ ಎರಡು ಶೂಗಳು ಡ್ರಮ್ಮಿನ ಒಳಗೋಡೆಗೆ ಒತ್ತಿಕೊಳ್ಳುತ್ತವೆ. ಉಜ್ಜಾಟದಿಂದ ಗಾಡಿ ನಿಲ್ಲುತ್ತದೆ. ಗಾಡಿಯ ಓಟವೆಲ್ಲ ಬಿಸಿಯಾಗಿ ಬದಲಾಗುತ್ತದೆ. ಇಳಿಜಾರು ಇಳಿದ ಮೇಲೆ ಗಾಲಿಯಿಂದ ಸುಟ್ಟ ವಾಸನೆ ಬರುವುದು ಈ ಬಿಸಿಯಿಂದಲೇ.

ಎಣ್ಣೆಯನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ. ಪೈಪಿನೊಳಗೆ ಗಾಳಿ ಸೇರಿದರೆ ನೀವು ತುಳಿದ ಬಲ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ, ಗಾಲಿಗೆ ತಲುಪುವುದಿಲ್ಲ. ಎರಡನೇ ಸಲ ತುಳಿದಾಗ ಇನ್ನಷ್ಟು ಎಣ್ಣೆ ಮುಂದೆ ಹೋಗಿ ಆಗ ಹಿಡಿಯುತ್ತದೆ. ಹಿಂದಿನ ಶೂಗಳು ಸವೆದು ಡ್ರಮ್ಮಿಗೂ ಅವಕ್ಕೂ ಅಂತರ ಹೆಚ್ಚಾದರೂ ಹೀಗೇ ಆಗುತ್ತದೆ. ಎರಡೂ ರೋಗವೇ. "ಈ ಗಾಡಿಯ ಸ್ವಭಾವವೇ ಹಾಗೆ" ಎನ್ನುವ ಮಾತನ್ನು ಒಪ್ಪಬೇಡಿ. ಮೂರು ದಿನದಿಂದ ಮೇವು ಬಿಟ್ಟ ಆಕಳ ಬಗ್ಗೆ ಯಾರಾದರೂ ಹಾಗೆ ಹೇಳಿದರೆ ನೀವು ಒಪ್ಪುತ್ತೀರಾ?

ನಮ್ಮ ಭಾಗದಲ್ಲಿ ಬ್ರೇಕು ಬೇಗ ಕೆಡುವುದೇಕೆ?

ಮೊದಲನೆಯದು ಧೂಳು. ವಾಡಿ, ಸೇಡಂ, ಮಳಖೇಡ, ಚಿತ್ತಾಪುರ ಕಡೆ ಸಿಮೆಂಟ್ ಕಾರ್ಖಾನೆಗಳಿವೆ, ಶಹಾಬಾದ ಸುತ್ತ ಫರಸಿ ಗಣಿಗಳಿವೆ. ಈ ರಸ್ತೆಗಳ ಸುಣ್ಣಕಲ್ಲಿನ ಹಿಟ್ಟು ಡ್ರಮ್ಮಿನೊಳಗೆ ಹೋಗಿ ಕೂರುತ್ತದೆ. ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಅದು ಮರಳು ಕಾಗದದಂತೆ ಶೂಗಳನ್ನು ಮತ್ತು ಡ್ರಮ್ಮನ್ನು ಉಜ್ಜುತ್ತದೆ.

ಎರಡನೆಯದು ನೀರು ಮತ್ತು ಎರೆಮಣ್ಣು. ಮಳೆಗಾಲದಲ್ಲಿ ಹಳ್ಳ ದಾಟಿದ ಗಾಡಿಯ ಡ್ರಮ್ಮಿನಲ್ಲಿ ನೀರು, ಕೆಸರು ಉಳಿಯುತ್ತದೆ. ಒದ್ದೆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ನೀರು ದಾಟಿದ ಮೇಲೆ ಸ್ವಲ್ಪ ದೂರ ನಿಧಾನವಾಗಿ ಹೋಗುತ್ತ ಪೆಡಲನ್ನು ಹಗುರವಾಗಿ ಹಲವು ಸಲ ತುಳಿದು ಒಣಗಿಸಿಕೊಳ್ಳಬೇಕು. ಕಾಗಿಣಾ ಉಕ್ಕಿ ದಂಡೋತಿ ಸೇತುವೆಯಂಥ ಕಡೆ ನೀರು ಮೇಲೆ ಹರಿಯುತ್ತಿದ್ದರೆ ಮಾತ್ರ ಯಾವ ಬ್ರೇಕೂ ನಿಮ್ಮನ್ನು ಕಾಯುವುದಿಲ್ಲ. ಹಾಲು ಒಂದು ಹೊತ್ತು ಕೆಟ್ಟರೂ ಸರಿ, ದಾಟಬೇಡಿ.

ಮೂರನೆಯದು ಬಿಸಿಲು ಮತ್ತು ಇಳಿಜಾರು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ನೀರು ಹೀರಿದ ಮೇಲೆ ಅದೇ ಆಯಿಲ್ 140 ಡಿಗ್ರಿಯ ಸುಮಾರಿಗೆ ಕುದಿಯಬಹುದು. ಡಾಟ್ 4 ದರ್ಜೆಗೆ ಈ ಅಂಕಿಗಳು 230 ಮತ್ತು 155. ಭಾರ ಹೇರಿಕೊಂಡು ಕುಂಚಾವರಂ ಕಾಡಿನಂಥ ಇಳಿಜಾರಿನ ದಾರಿಯಲ್ಲಿ ಬ್ರೇಕ್ ತುಳಿದುಕೊಂಡೇ ಇಳಿದರೆ, ಹಳೆಯ ಆಯಿಲ್ ಗಾಲಿಯ ಹತ್ತಿರ ಕುದಿದು ಆವಿಯ ಗುಳ್ಳೆ ಏಳುತ್ತದೆ. ಆವಿಯೂ ಗಾಳಿಯಂತೆ ಕುಗ್ಗುತ್ತದೆ, ಪೆಡಲ್ ಒಮ್ಮೆಲೇ ಒಳಗೆ ಹೋಗುತ್ತದೆ. ಗಾಡಿ ತಣ್ಣಗಾದ ಮೇಲೆ ಮತ್ತೆ ಸರಿಯಾದಂತೆ ಕಾಣುತ್ತದೆ. ಅದಕ್ಕೇ ಜನ ಮೋಸ ಹೋಗುತ್ತಾರೆ.

ನಾಲ್ಕನೆಯದು ಭಾರ. 40 ಲೀಟರಿನ ಒಂದು ತುಂಬಿದ ಕ್ಯಾನ್ ಸುಮಾರು 50 ಕಿಲೋ ತೂಗುತ್ತದೆ. ಇಪ್ಪತ್ತು ಕ್ಯಾನ್ ಎಂದರೆ ಒಂದು ಟನ್. ಒಳ್ಳೆಯ ಮಿಶ್ರತಳಿ ಆಕಳು 400 ಕಿಲೋ ಮೀರುತ್ತದೆ, ಮುರ್ರಾ ಎಮ್ಮೆ ಇನ್ನೂ ಹೆಚ್ಚು. ಕ್ಯಾನಿನ ಭಾರ ಇಟ್ಟಲ್ಲೇ ಇರುತ್ತದೆ. ಆಕಳು ನಿಂತುಕೊಂಡಿರುತ್ತದೆ, ಅತ್ತಿತ್ತ ವಾಲುತ್ತದೆ, ಬ್ರೇಕ್ ಹಿಡಿದಾಗ ಮುಂದಕ್ಕೆ ಬರುತ್ತದೆ.

ವೇಗದ ಲೆಕ್ಕವೂ ತಿಳಿದಿರಲಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎರಡನೇ ಸಲ ತುಳಿಯಲು ಒಂದು ಸೆಕೆಂಡ್ ಹೋಯಿತೆಂದರೆ, ಅಷ್ಟರಲ್ಲಿ ಗಾಡಿ ನಿಮ್ಮ ಮನೆ, ಅಂಗಳ ಎರಡನ್ನೂ ದಾಟಿರುತ್ತದೆ. ವೇಗ 40ರಿಂದ 60ಕ್ಕೆ ಏರಿದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡು ಪಟ್ಟಿಗೂ ಹೆಚ್ಚಾಗುತ್ತದೆ.

ಗಾಡಿ ಹೊರಡುವ ಮೊದಲು ಐದು ಪರೀಕ್ಷೆ

ಇವನ್ನು ನೀವೇ ಮಾಡಬಹುದು, ಅಥವಾ ಓಡಿಸುವವರಿಂದ ನಿಮ್ಮ ಎದುರಿಗೆ ಮಾಡಿಸಬಹುದು. ಎಲ್ಲ ಸೇರಿ ಐದು ನಿಮಿಷ ಸಾಕು. ಪರೀಕ್ಷೆ ಮಾಡುವಾಗ ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಗಾಲಿಗೆ ಕಲ್ಲು ಕೊಟ್ಟಿರಲಿ.

1. ಆಯಿಲ್ ಮಟ್ಟ: ಬಾನೆಟ್ ಎತ್ತಿದರೆ ಬ್ರೇಕ್ ಆಯಿಲಿನ ಸಣ್ಣ ಡಬ್ಬಿ ಕಾಣುತ್ತದೆ. ಅದರ ಮೇಲೆ ಎರಡು ಗೆರೆಗಳಿರುತ್ತವೆ. ಆಯಿಲ್ ಅವೆರಡರ ನಡುವೆ ಇರಬೇಕು. ಪ್ಯಾಡ್ ಸವೆದಂತೆ ಮಟ್ಟ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುವುದು ಸಹಜ. ಒಂದು ವಾರದಲ್ಲಿ ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಬಣ್ಣವನ್ನೂ ನೋಡಿ: ಹೊಸದು ತಿಳಿ ಹಳದಿ, ಹಳತಾದದ್ದು ಚಹಾದಂತೆ ಕಪ್ಪು.

2. ಪೆಡಲ್: ಎಂಜಿನ್ ಚಾಲೂ ಇಟ್ಟು ಪೆಡಲನ್ನು ಗಟ್ಟಿಯಾಗಿ ತುಳಿದು ಅರ್ಧ ನಿಮಿಷ ಹಾಗೇ ಹಿಡಿಯಿರಿ. ಗಟ್ಟಿಯಾಗಿ ನಿಂತರೆ ಸರಿ. ನಿಧಾನವಾಗಿ ಕೆಳಗೆ ಇಳಿಯುತ್ತ ಹೋದರೆ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿದೆ.

3. ಬೂಸ್ಟರ್: ಎಂಜಿನ್ ಬಂದ್ ಮಾಡಿ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ, ಅದು ಬಿಗಿಯಾಗುತ್ತದೆ. ಆಮೇಲೆ ತುಳಿದು ಹಿಡಿದುಕೊಂಡೇ ಎಂಜಿನ್ ಚಾಲೂ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ತೋರಿಸಬೇಕು.

4. ಗಾಲಿ ಮತ್ತು ನೆಲ: ರಾತ್ರಿ ಗಾಡಿ ನಿಲ್ಲಿಸಿದ ಜಾಗದಲ್ಲಿ, ಗಾಲಿಯ ಒಳಬದಿಯಲ್ಲಿ ಎಣ್ಣೆಯ ಕಲೆ ಇದೆಯೇ ನೋಡಿ. ಗಾಲಿಯ ಹತ್ತಿರ ಬರುವ ರಬ್ಬರ್ ಪೈಪು ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ ಬದಲಿಸಬೇಕು.

5. ಹ್ಯಾಂಡ್ ಬ್ರೇಕ್: ಖಾಲಿ ಗಾಡಿಯನ್ನು ಸಣ್ಣ ಏರಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಯಿರಿ. ಓಡಿಸುವವರು ಸೀಟಿನಲ್ಲೇ ಇರಲಿ, ಗಾಡಿಯ ಹಿಂದೆ ಯಾರೂ ನಿಲ್ಲಬಾರದು. ಗಾಡಿ ಜಾರಿದರೆ ಕೇಬಲ್ ಬಿಗಿ ಮಾಡಿಸಬೇಕು, ಇಲ್ಲವೇ ಹಿಂದಿನ ಶೂಗಳನ್ನು ನೋಡಿಸಬೇಕು.

ಐದೂ ಆದ ಮೇಲೆ, ರಸ್ತೆಗೆ ಬರುವ ಮುನ್ನ ನಡೆಯುವಷ್ಟು ವೇಗದಲ್ಲಿ ಒಮ್ಮೆ ಬ್ರೇಕ್ ಹಿಡಿದು ನೋಡಿ. ಮೊದಲ ತುಳಿತಕ್ಕೇ ಹಿಡಿಯಬೇಕು. ಹಿಡಿಯದಿದ್ದರೆ ಆ ದಿನ ಆ ಗಾಡಿಗೆ ಆಕಳು ಹತ್ತಿಸಬೇಡಿ.

ಲಕ್ಷಣ ನೋಡಿ ರೋಗ ತಿಳಿಯಿರಿ

ಕರ್ರ್ ಎಂದು ಕಬ್ಬಿಣ ಉಜ್ಜುವ ಸದ್ದು: ಪ್ಯಾಡ್ ಅಥವಾ ಲೈನಿಂಗ್ ಪೂರ್ತಿ ಸವೆದಿದೆ. ತಡ ಮಾಡಿದರೆ ಡಿಸ್ಕ್ ಮತ್ತು ಡ್ರಮ್ಮೂ ಹಾಳಾಗಿ ಖರ್ಚು ಹೆಚ್ಚುತ್ತದೆ.

ಬ್ರೇಕ್ ಹಿಡಿದಾಗ ಗಾಡಿ ಒಂದೇ ಬದಿಗೆ ಎಳೆಯುವುದು: ಒಂದು ಗಾಲಿ ಹಿಡಿಯುತ್ತಿದೆ, ಇನ್ನೊಂದು ಹಿಡಿಯುತ್ತಿಲ್ಲ. ಪ್ಯಾಡ್ ಸಿಕ್ಕಿಕೊಂಡಿರಬಹುದು, ಇಲ್ಲವೇ ಲೈನಿಂಗಿಗೆ ಎಣ್ಣೆ ತಾಗಿರಬಹುದು.

ಪೆಡಲ್ ಸ್ಪಂಜಿನಂತೆ ಮೆತ್ತಗಿರುವುದು: ಪೈಪಿನಲ್ಲಿ ಗಾಳಿ ಸೇರಿದೆ, ಅಥವಾ ರಬ್ಬರ್ ಪೈಪು ಉಬ್ಬುತ್ತಿದೆ.

ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ, ಗಾಡಿ ನಿಲ್ಲದಿರುವುದು: ಬೂಸ್ಟರ್ ಅಥವಾ ಅದಕ್ಕೆ ಬರುವ ಪೈಪಿನ ದೋಷ.

ಪೆಡಲ್ ನಡುಗುವುದು: ಡಿಸ್ಕ್ ಅಥವಾ ಡ್ರಮ್ ಸಮ ಇಲ್ಲ.

ಒಂದೇ ಗಾಲಿ ಬಿಸಿಯಾಗುವುದು: ಬ್ರೇಕ್ ಬಿಟ್ಟರೂ ಅಲ್ಲಿ ಬಿಡುತ್ತಿಲ್ಲ. ಕೈಯಿಂದ ಮುಟ್ಟಬೇಡಿ, ಹತ್ತಿರ ಕೈ ಹಿಡಿದರೆ ಗೊತ್ತಾಗುತ್ತದೆ.

ಬದಲಿಸುವಾಗ ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ಬ್ರೇಕ್ ಬಿಚ್ಚುವ ಕೆಲಸ ಕಲಿತ ಕೈಯದು. ಆದರೆ ಹಣ ಕೊಡುವವರು ನೀವು. ಈ ಕೆಳಗಿನವನ್ನು ಕೇಳಿ, ನೋಡಿ.

ಮುಂದಿನ ಪ್ಯಾಡಿನ ಉಜ್ಜುವ ಭಾಗ 3 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಬದಲಿಸಬೇಕು. ಹಿಂದಿನ ಶೂ ಮೇಲಿನ ಲೈನಿಂಗನ್ನು ರಿವೆಟ್ ಹೊಡೆದು ಕೂರಿಸಿದ್ದರೆ, ರಿವೆಟ್ ತಲೆ ಮೇಲ್ಮೈಗೆ ಹತ್ತಿರ ಬರುವ ಮೊದಲೇ ಬದಲಿಸಬೇಕು. ಎಡ ಮತ್ತು ಬಲ ಎರಡೂ ಒಟ್ಟಿಗೆ ಬದಲಾಗಬೇಕು. ಒಂದೇ ಬದಿ ಹೊಸದು ಹಾಕಿದರೆ ಗಾಡಿ ಆ ಕಡೆ ಎಳೆಯುತ್ತದೆ.

ಎಣ್ಣೆ ತಾಗಿದ ಲೈನಿಂಗನ್ನು ಪೆಟ್ರೋಲಿನಿಂದ ತೊಳೆದು, ಸುಟ್ಟು ಮತ್ತೆ ಹಾಕುವುದು ಬೇಡ. ಹೊಸದೇ ಬೇಕು. ಎಣ್ಣೆ ಎಲ್ಲಿಂದ ಬಂತು ಎಂದು ಕೇಳಿ. ವ್ಹೀಲ್ ಸಿಲಿಂಡರ್ ಸೋರಿಕೆಯೋ, ಆಕ್ಸಲ್ಲಿನ ಆಯಿಲ್ ಸೀಲ್ ಹೋಗಿದೆಯೋ? ಕಾರಣ ಸರಿಪಡಿಸದೆ ಲೈನಿಂಗ್ ಮಾತ್ರ ಬದಲಿಸಿದರೆ ತಿಂಗಳಲ್ಲಿ ಮತ್ತೆ ಅದೇ ಕಥೆ.

ಡ್ರಮ್ಮನ್ನು ಲೇತಿಗೆ ಹಾಕಿ ಸಮ ಮಾಡಿಸುತ್ತಾರೆ. ಎಷ್ಟರವರೆಗೆ ಸವೆಯಬಹುದು ಎಂಬ ಅಳತೆಯನ್ನು ಸಾಮಾನ್ಯವಾಗಿ ಡ್ರಮ್ಮಿನ ಮೇಲೇ ಅಚ್ಚು ಹಾಕಿರುತ್ತಾರೆ. ಅದು ಮೀರಿದ್ದರೆ ಹೊಸ ಡ್ರಮ್ಮೇ ಬೇಕು.

ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯದೇ ಬೇಕು, ಸೀಲ್ ಒಡೆಯದ ಬಾಟಲಿಯದೇ ಬೇಕು. ತಿಂಗಳುಗಟ್ಟಲೆ ತೆರೆದಿಟ್ಟ ಬಾಟಲಿ ಆಗಲೇ ನೀರು ಹೀರಿರುತ್ತದೆ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, ಅಡುಗೆ ಎಣ್ಣೆ ಯಾವುದನ್ನೂ ಅದಕ್ಕೆ ಹಾಕಬಾರದು. ಒಳಗಿನ ರಬ್ಬರುಗಳು ಉಬ್ಬಿ ಇಡೀ ಬ್ರೇಕು ಕೆಡುತ್ತದೆ. ಒಂದು ಸಣ್ಣ ಬಾಟಲಿ ಆಯಿಲಿಗೆ ಒಂದು ಒಳ್ಳೆಯ ಆಕಳ ಒಂದೆರಡು ದಿನದ ಹಾಲಿನ ಹಣ ಸಾಕು.

ಹೆಚ್ಚು ಭಾರ ಹೇರಲೆಂದು ಹಿಂದೆ ಸ್ಪ್ರಿಂಗ್ ಪಾಟಾ ಸೇರಿಸಿದ್ದೀರಾ? ಕೆಲವು ಪಿಕಪ್‌ಗಳಲ್ಲಿ ಹಿಂದಿನ ಭಾರವನ್ನು ಅಳೆದು ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕೆಂದು ತೀರ್ಮಾನಿಸುವ ವಾಲ್ವ್ ಇರುತ್ತದೆ. ಪಾಟಾ ಸೇರಿಸಿದಾಗ ಗಾಡಿ ಕುಸಿಯುವುದಿಲ್ಲ. ಭಾರ ಇದ್ದರೂ ಇಲ್ಲವೆಂದು ವಾಲ್ವ್ ತಿಳಿದು ಹಿಂದಿನ ಬ್ರೇಕನ್ನು ಸಡಿಲ ಬಿಡುತ್ತದೆ. ಇದನ್ನು ಮೆಕ್ಯಾನಿಕ್‌ಗೆ ನೆನಪಿಸಿ ಹೊಂದಿಸಲು ಹೇಳಿ.

ಕೆಲಸ ಮುಗಿದ ಮೇಲೆ ಗಾಳಿ ತೆಗೆದಿದ್ದಾರೆಯೇ ಎಂದು ಪೆಡಲ್ ತುಳಿದು ನೋಡಿ. ಬದಲಿಸಿದ ಹಳೆಯ ಸಾಮಾನನ್ನು ತೋರಿಸಲು ಹೇಳಿ. ಮೊದಲ ಒಂದೆರಡು ದಿನ ಭಾರ ಹೇರದೆ ನಿಧಾನ ಓಡಿಸಿದರೆ ಹೊಸ ಲೈನಿಂಗ್ ಸರಿಯಾಗಿ ಕೂರುತ್ತದೆ. ಸುಮಾರು 50-100 ಕಿಲೋಮೀಟರ್ ಓಡಿದ ಮೇಲೆ ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.

ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಆದರೆ ಎಫ್.ಸಿ. ಎಂಬುದು ಆ ಒಂದು ದಿನದ ಪರೀಕ್ಷೆ. ಉಳಿದ ದಿನಗಳನ್ನು ನಾವೇ ನೋಡಿಕೊಳ್ಳಬೇಕು.

ಕೊಟ್ಟಿಗೆಯ ಮುಂದೆ ಗಾಡಿ ಬಿಚ್ಚಬೇಡಿ

ಈ ಮಾತನ್ನು ಪಶುವೈದ್ಯರಾಗಿ ಒತ್ತಿ ಹೇಳುತ್ತೇನೆ. ಮನೆಯ ಅಂಗಳದಲ್ಲೇ ಗಾಲಿ ಬಿಚ್ಚಿ ಕೆಲಸ ಮಾಡುವಾಗ ಸಣ್ಣ ಸ್ಪ್ರಿಂಗು, ಪಿನ್ನು, ತಂತಿ ತುಂಡು, ರಿವೆಟ್ಟು ಕಣಕಿಯಲ್ಲಿ ಬೀಳುತ್ತವೆ. ಆಕಳು ಮೇವನ್ನು ಆರಿಸಿ ತಿನ್ನುವುದಿಲ್ಲ, ಸೇರಿಸಿ ನುಂಗುತ್ತದೆ. ಚೂಪಾದ ಕಬ್ಬಿಣ ಅದರ ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ಒಂದು ಪರದೆ. ಮೊಳೆ ಅದನ್ನು ಚುಚ್ಚಿ ಹೃದಯದ ಚೀಲಕ್ಕೆ ತಲುಪಿದರೆ ಆಕಳನ್ನು ಉಳಿಸುವುದು ಬಹಳ ಕಷ್ಟ. ಮೇವು ಬಿಡುವುದು, ಬೆನ್ನು ಬಾಗಿಸಿ ನಿಲ್ಲುವುದು, ಇಳಿಜಾರು ಇಳಿಯುವಾಗ ನರಳುವುದು, ಎದೆಯ ಕೆಳಗೆ ಬಾವು ಇದರ ಲಕ್ಷಣಗಳು. ಕೆಲಸ ಆದ ಜಾಗವನ್ನು ಗುಡಿಸಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಆ ಜಾಗದಲ್ಲಿ ಎಳೆದಾಡಿ.

ಬ್ರೇಕ್ ಆಯಿಲೂ ರೇಡಿಯೇಟರಿಗೆ ಹಾಕುವ ಕೂಲಂಟೂ ವಿಷ. ತೆಗೆದ ಹಳೆಯ ಆಯಿಲನ್ನು ಬಕೆಟಿನಲ್ಲಿ ಬಿಟ್ಟು ಹೋಗಬೇಡಿ. ಕೂಲಂಟ್ ತುಸು ಸಿಹಿ ಇರುವುದರಿಂದ ಕರು, ನಾಯಿ ನೆಕ್ಕುತ್ತವೆ. ಮುಚ್ಚಿದ ಬಾಟಲಿಯಲ್ಲಿ ಗ್ಯಾರೇಜಿಗೆ ಕೊಡಿ. ಆಯಿಲ್ ಇದ್ದ ಬಾಟಲಿ, ಬಕೆಟನ್ನು ಎಂದೂ ಹಾಲಿಗೆ, ನೀರಿಗೆ ಬಳಸಬೇಡಿ. ಹಳೆಯ ಲೈನಿಂಗಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅದನ್ನು ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮಕ್ಕಳನ್ನು ದೂರ ಇಡಿ.

ಜಾನುವಾರು ಸಾಗಿಸುವಾಗ

ಬ್ರೇಕು ಎಷ್ಟೇ ಚೆನ್ನಾಗಿದ್ದರೂ ಆಕಳು ನಿಲ್ಲುವ ಜಾಗ ಸರಿ ಇರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 125ಇ ಪ್ರಕಾರ ಒಂದು ಆಕಳಿಗೆ ಅಥವಾ ಎಮ್ಮೆಗೆ ಕನಿಷ್ಠ 2 ಚದರ ಮೀಟರ್, ಅಂದರೆ ಸುಮಾರು 21.5 ಚದರ ಅಡಿ ಜಾಗ ಬೇಕು, ನಡುವೆ ಅಡ್ಡತಡೆ ಬೇಕು. ನಿಮ್ಮ ಗಾಡಿಯ ಹಿಂಭಾಗವನ್ನು ಅಳೆಯಿರಿ. 8 ಅಡಿ ಉದ್ದ, 5 ಅಡಿ ಅಗಲ ಇದ್ದರೆ 40 ಚದರ ಅಡಿ ಆಯಿತು. ಎರಡು ಆಕಳಿಗೆ 43 ಬೇಕು. ಹಾಗಾದರೆ ಆ ಗಾಡಿಯಲ್ಲಿ ಒಂದೇ ಆಕಳು.

1978ರ ಪ್ರಾಣಿ ಸಾಗಣೆ ನಿಯಮಗಳು ಹೇಳುವಂತೆ ಆಕಳ ಮುಖ ಎಂಜಿನ್ ಕಡೆ ಇರಬೇಕು, ಕೆಳಗೆ ಜಾರದಂಥ ಹಾಸು ಇರಬೇಕು, ಪಶುವೈದ್ಯರ ಪ್ರಮಾಣಪತ್ರ ಇರಬೇಕು. ಪ್ರಮಾಣಪತ್ರಕ್ಕೆ ನಮ್ಮ ಹತ್ತಿರ ಬಂದಾಗ ಗಾಡಿಯ ಬ್ರೇಕು ನೋಡಿದ್ದೀರಾ ಎಂದು ನಾನು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಕಬ್ಬಿಣದ ತಗಡಿನ ಮೇಲೆ ಸಗಣಿ ಗಂಜಲ ಬಿದ್ದರೆ ಆಕಳು ಜಾರುತ್ತದೆ. ತೆಂಗಿನ ನಾರಿನ ಚಾಪೆಯೋ, ದಪ್ಪ ಕಣಕಿಯೋ ಹಾಸಿ. ಗಬ್ಬದ ಕೊನೆಯ ಎರಡು ತಿಂಗಳು ಸಾಗಿಸುವುದನ್ನು ಆದಷ್ಟು ತಪ್ಪಿಸಿ. ಹತ್ತಿಸುವಾಗ, ಇಳಿಸುವಾಗ ಹ್ಯಾಂಡ್ ಬ್ರೇಕ್ ಜೊತೆಗೆ ಗಾಲಿಗೆ ಕಲ್ಲು ಕೊಡಿ.

ಇನ್ನೊಂದು ಮಾತು. ಆಕಳ ಜೊತೆ, ಮೇವಿನ ಮೇಲೆ, ಕ್ಯಾನುಗಳ ನಡುವೆ ಹೆಣ್ಣುಮಕ್ಕಳು ಕುಳಿತು ಬರುವುದನ್ನು ದಿನವೂ ನೋಡುತ್ತೇನೆ. ಸರಕು ಗಾಡಿಯ ಹಿಂಭಾಗ ಜನರಿಗಲ್ಲ. ಬ್ರೇಕ್ ಜೋರಾಗಿ ಹಿಡಿದರೆ 400 ಕಿಲೋ ಆಕಳು ನಿಮ್ಮ ಮೇಲೇ ಬೀಳುತ್ತದೆ.

ಓಡುವಾಗ ಬ್ರೇಕ್ ಹೋದರೆ

ಈ ಕ್ರಮವನ್ನು ಮನೆಯಲ್ಲಿ ಗಾಡಿ ಓಡಿಸುವವರಿಗೆ ಓದಿ ಹೇಳಿ. ಪೆಡಲನ್ನು ಬೇಗ ಬೇಗ ಹಲವು ಸಲ ತುಳಿಯಬೇಕು, ಸ್ವಲ್ಪ ಒತ್ತಡ ಸಿಗಬಹುದು. ಗೇರನ್ನು ಒಂದೊಂದಾಗಿ ಇಳಿಸಬೇಕು, ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿ ಹಿಡಿದು ನಿಧಾನವಾಗಿ ಎಳೆಯಬೇಕು. ಒಮ್ಮೆಲೇ ಎಳೆದರೆ ಗಾಡಿ ತಿರುಗುತ್ತದೆ. ಹಾರ್ನ್ ಹೊಡೆಯುತ್ತ ಏರು ಇರುವ ಕಡೆಗೋ, ಮೆತ್ತನೆಯ ಹೊಲಕ್ಕೋ ತಿರುಗಿಸಬೇಕು. ಎಂಜಿನ್ ಬಂದ್ ಮಾಡಬಾರದು. ಮಾಡಿದರೆ ಬೂಸ್ಟರಿನ ಬಲವೂ ಹೋಗುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದೂ ಬಿಗಿಯಾಗುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ, ಎಂಜಿನ್ ಆರಿಸುವ ಚಾಳಿ ಇದ್ದರೆ ಇವತ್ತೇ ಬಿಡಿಸಿ. ಇಳಿಯುವಾಗ ಗೇರಿನಲ್ಲೇ ಇಳಿಯಬೇಕು.

ಆಕಳು ಬಿದ್ದಿದ್ದರೆ ಬಾಲ ಹಿಡಿದು, ಹಗ್ಗ ಕಟ್ಟಿ ಎಳೆಯಬೇಡಿ. ಮೊದಲು ಮನುಷ್ಯರನ್ನು ನೋಡಿ, 108ಕ್ಕೆ ಕರೆ ಮಾಡಿ. ಆಮೇಲೆ ಜಾನುವಾರಿಗಾಗಿ 1962ಕ್ಕೆ ಕರೆ ಮಾಡಿ, ಇದು ಪಶು ಸಂಜೀವಿನಿ ಸಹಾಯವಾಣಿ. ಆಕಳ ಕೆಳಗೆ ದಪ್ಪ ಹಾಸು ಹಾಕಿ, ಎದೆಯ ಮೇಲೆ ಕೂರುವಂತೆ ಮಾಡಿ ಒರಗು ಕೊಡಿ, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ನೀರು ಹತ್ತಿರ ಇಡಿ.

ಗಾಡಿಗೂ ಒಂದು ಪುಟ

ಆಕಳಿಗೆ ಯಾವಾಗ ಕೃತಕ ಗರ್ಭಧಾರಣೆ ಆಯಿತು, ಯಾವಾಗ ಲಸಿಕೆ ಹಾಕಿದೆ ಎಂದು ನೋಟ್‌ಬುಕ್ಕಿನಲ್ಲಿ, ಕ್ಯಾಲೆಂಡರಿನಲ್ಲಿ ಬರೆದಿಡುತ್ತೀರಲ್ಲ, ಅದೇ ಪುಸ್ತಕದಲ್ಲಿ ಗಾಡಿಗೂ ಒಂದು ಪುಟ ಕೊಡಿ. ಬ್ರೇಕ್ ಆಯಿಲ್ ಬದಲಿಸಿದ ದಿನ, ಪ್ಯಾಡ್ ಹಾಕಿದ ದಿನ, ಶೂ ನೋಡಿದ ದಿನ, ಎಫ್.ಸಿ. ಮುಗಿಯುವ ದಿನ. ನಾಲ್ಕು ಸಾಲು ಸಾಕು. ಸಂಘಕ್ಕೆ ಹಾಲು ತರುವ ಗಾಡಿ ಬಾಡಿಗೆಯದಾದರೆ, ತಿಂಗಳ ಸಭೆಯಲ್ಲಿ ಈ ನಾಲ್ಕು ಸಾಲನ್ನು ಗಾಡಿಯವರಿಂದ ಕೇಳಿ ಬರೆಸಿ. ಕೇಳುವುದರಲ್ಲಿ ಜಗಳವೇನೂ ಇಲ್ಲ.

ಮೊದಲು ಹೇಳಿದ ಅಕ್ಕನ ಮನೆಗೆ ಇತ್ತೀಚೆಗೆ ಹೋಗಿದ್ದೆ. ಆಕಳು ಈಗ ಮತ್ತೆ ಗಬ್ಬ ಧರಿಸಿದೆ, ಹಿಂದಿನ ಬಲಗಾಲು ತುಸು ಎಳೆಯುತ್ತದೆ. ಹೊರಡುವಾಗ ಅಂಗಳದಲ್ಲಿ ಮೈದುನ ಗಾಡಿ ಚಾಲೂ ಮಾಡುತ್ತಿದ್ದ. ಅಕ್ಕ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ಬಾನೆಟ್ ಹತ್ತಿರ ಹೋಗಿ ನಿಂತರು. "ಎತ್ತಪ್ಪ, ಆಯಿಲ್ ನೋಡ್ತೀನಿ," ಎಂದರು. ಅವನು ಏನೂ ಮಾತಾಡದೆ ಎತ್ತಿದ.

ನೀವೂ ನಾಳೆ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಒಮ್ಮೆ ನೋಡಿ.